ಖಾಲಿ ಕೋಣೆಯ ನೂರು ವ್ಯಾಟ್

ಹೊಸ ಡೇಟಾ ಸೆಂಟರ್‌ಗೆ ಎಷ್ಟು ತಂಪು ಬೇಕೆಂದು ಲೆಕ್ಕ ಹಾಕುವುದು ನನ್ನ ಕೆಲಸ. ನಮ್ಮ ಲೆಕ್ಕದಲ್ಲಿ ಒಬ್ಬ ಮನುಷ್ಯನೆಂದರೆ ನೂರು ವ್ಯಾಟ್ ಶಾಖ, ಅಷ್ಟೇ. ಹೆಂಡತಿ ತೀರಿಕೊಂಡ ಎಂಟನೇ ದಿನ ಕೆಲಸಕ್ಕೆ ಮರಳಿದೆ. ಅಳು ಇನ್ನೂ ಬಂದಿರಲಿಲ್ಲ.

ಅಂದು ಮಧ್ಯಾಹ್ನ, ಯಂತ್ರಗಳಿನ್ನೂ ಬಾರದ ಖಾಲಿ ಕೋಣೆಯ ಪರೀಕ್ಷೆ. ಶಾಖ ಅಳೆಯುವ ಮೀಟರ್ ಸೊನ್ನೆ ತೋರಿಸುತ್ತಿತ್ತು. ನಾನು ಒಳಗೆ ಹೋಗಿ ನಿಂತೆ.

"ಇನ್ನೂರು ತೋರಿಸ್ತಿದೆ ಸಾರ್! ಜೊತೆಗೆ ಯಾರಿದ್ದಾರೆ?" ಎಂದು ಎಸಿ ಮೆಕ್ಯಾನಿಕ್ ಹೊರಗಿನಿಂದ ಕೂಗಿದ.

"ಯಾರೂ ಇಲ್ಲಪ್ಪ. ನಿನ್ನ ಮೀಟರ್‌ಗೆ ತಲೆ ಕೆಟ್ಟಿರಬೇಕು."

ನನ್ನ ಎಡಗೈ ಮಾತ್ರ ಬೆಚ್ಚಗಿತ್ತು. ಅವಳು ಮಲಗುತ್ತಿದ್ದ ಬದಿ.

ಹೊರಬಂದು ಬಾಗಿಲು ಹಾಕಿದೆ. ಮೀಟರ್ ನೂರಕ್ಕೆ ಇಳಿದು ನಿಂತಿತು. ಮೆಕ್ಯಾನಿಕ್ ಬೇರೆ ಮೀಟರ್ ಹಾಕಿದ, ಅದೂ ನೂರೇ.

ಅಂತಿಮ ನಕ್ಷೆಯಲ್ಲಿ ಆ ಕೋಣೆಗೆ 'ಜನ: ಒಬ್ಬರು' ಎಂದು ಬರೆದೆ. ಮುಖ್ಯ ಇಂಜಿನಿಯರ್ ಸಹಿ ಹಾಕಿದರು.

ಅವಳು ಹೋದ ಮೇಲೂ ಬೆಚ್ಚಗಿದ್ದ ಮನೆಯ ಹಾಸಿಗೆಯ ಎಡಬದಿ, ಆ ಪರೀಕ್ಷೆಯ ದಿನದಿಂದ ತಣ್ಣಗಾಗಿದೆ.