ಧೂಮಕೇಶ ತುದಿಬೆರಳ ಮೇಲೆ ನಿಂತದ್ದು

ಬಹಳ ಬಹಳ ಹಿಂದೆ, ಮಿಸುನಿಗಿರಿ ಎಂಬ ರಾಜ್ಯದಲ್ಲಿ ಹೆಣ್ಣುಮಕ್ಕಳು ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯುತ್ತಿದ್ದರು. ಅವರಲ್ಲೆಲ್ಲ ಹಗುರವಾಗಿ ಕುಣಿಯುವವಳು ಮಲ್ಲಾಜಿ. ಅವಳ ಅಕ್ಕ ಕಾಳಾಂಬೆ, ಮೇಣದಲ್ಲಿ ಬೊಂಬೆ ತಿದ್ದಿ ಕಂಚಿನ ಎರಕ ಹೊಯ್ಯುವವಳು.

ಅಲ್ಲೇ ಗುಡ್ಡದ ಮೇಲೆ ಧೂಮಕೇಶ ಎಂಬ ಮಾಂತ್ರಿಕನಿದ್ದ. ಚೆಂದದ್ದೇನು ಕಂಡರೂ ತನ್ನ ಮನೆಯಲ್ಲೇ ಇರಬೇಕು ಅನ್ನುವ ಜಾತಿ. ಒಂದು ದಿನ ಕುಣಿತ ನೋಡಲು ಬಂದು ಮಂತ್ರ ಹೇಳಿದ. ಕುಣಿಯುತ್ತಿದ್ದವರೆಲ್ಲ ಹಾಗೆಯೇ ಕಂಚಾಗಿ ನಿಂತರು. ಅವರನ್ನು ಹೊತ್ತೊಯ್ದು ಗುಡ್ಡದ ಮೇಲಿನ ತನ್ನ ಮನೆಯ ತುಂಬ ನಿಲ್ಲಿಸಿಕೊಂಡ.

ಕಾಳಾಂಬೆ ಗುಡ್ಡ ಹತ್ತಿದಳು. ಬಾಗಿಲು ಕಾಯುತ್ತಿದ್ದ ಎರಡು ತಲೆಯ ಹುಲಿ ಅವಳ ಅಳುಮುಖ ನೋಡಿ ದಾರಿ ಬಿಟ್ಟಿತು.

“ನನ್ನ ತಂಗೀನ ಬಿಡಿ,” ಅಂದಳು.

“ಇಂಥ ಬೊಂಬೆ ಮಾಡೋಕೆ ನಿನ್ನ ಕೈಲಿ ಆಗುತ್ತೇನೇ?” ಎಂದು ಮಾಂತ್ರಿಕ ನಕ್ಕ.

“ನೀವು ಹಿಡಿದಿಟ್ಟಿದ್ದೀರಿ ಅಷ್ಟೇ, ಮಾಡಿಲ್ಲ. ನೀವೇ ಕುಣೀತಿರೋ ಹಾಗೆ ನಿಮ್ಮದೊಂದು ಬೊಂಬೇನ ಇವರೆಲ್ಲರಿಗಿಂತ ಚೆಂದ ಮಾಡಿಕೊಡ್ತೀನಿ.”

ಮಾಂತ್ರಿಕ ಉಬ್ಬಿಹೋದ. “ಚೆಂದ ಬಂದರೆ ತಂಗಿ ನಿನಗೆ. ಇಲ್ಲದಿದ್ದರೆ ನೀನೂ ಅವಳ ಪಕ್ಕ ಕಂಚಾಗಿ ನಿಲ್ಲಬೇಕು.”

“ಆಗಲಿ. ಆದರೆ ನಮ್ಮ ಎರಕದ ಮನೆ ಪದ್ಧತಿ ಒಂದಿದೆ. ಮೇಣ ತಿದ್ದಿ ಮುಗಿಯೋವರೆಗೂ ಎದುರು ನಿಂತವರು ಅಲುಗಬಾರದು. ಅಲುಗಿದರೆ ಮೇಣ ಮುದ್ದೆ ಮಾಡಿ ಮೊದಲಿಂದ ಶುರು.”

ಧೂಮಕೇಶ ಕೈ ಮೇಲೆತ್ತಿ ಒಂಟಿಕಾಲಿನ ತುದಿಬೆರಳ ಮೇಲೆ ನಿಂತ. ಹೊಟ್ಟೆ ಬೇರೆ ಗುಡಾಣದ ಹಾಗೆ! ಮೊದಲ ಸಲ ಮೂಗು ತುರಿಸಿತು, ಕೈ ಇಳಿಸಿದ. “ಅಲುಗಿದಿರಿ ಸ್ವಾಮಿ,” ಅಂದಳು ಕಾಳಾಂಬೆ, ಮೇಣ ಮುದ್ದೆ ಮಾಡಿದಳು. ಎರಡನೆಯ ಸಲ ಮೊಣಕಾಲು ನಡುಗಿ ದೊಪ್ಪನೆ ಬಿದ್ದ. “ಅಲುಗಿದಿರಿ ಸ್ವಾಮಿ.” ಮತ್ತೆ ಮುದ್ದೆ. ಮೂರನೆಯ ಸಲ ಬೆವರು ಸುರಿಸುತ್ತ ನಿಂತ. ಅವನ ಹಮ್ಮು ಎಷ್ಟೆಂದು ಅವಳಿಗೆ ಆಗಲೇ ತಿಳಿದಿತ್ತು. ಮೆಲ್ಲಗೆ ಅಂದಳು: “ಅಲುಗ್ತಾ ಇದ್ದೀರಿ ಸ್ವಾಮಿ. ನನ್ನ ತಂಗೀನ ನೋಡಿ, ಹೇಗೆ ನಿಂತಿದ್ದಾಳೆ.”

ಅವನಿಗೆ ರೇಗಿಹೋಯಿತು. ಅವಳಿಗಿಂತ ನಾನೇನು ಕಡಿಮೆ ಎಂದು, ಹಿಂದೆಮುಂದೆ ನೋಡದೆ, ಅದೇ ಮಂತ್ರವನ್ನು ತನ್ನ ಕಾಲಿಗೆ ಹಾಕಿಕೊಂಡ. ಕಾಲು ಕಂಚಾಗಿ ಗಟ್ಟಿಯಾಗಿ ನಿಂತಿತು. ಆದರೆ ಮಂತ್ರವೇನು ಕಾಲಿನಲ್ಲೇ ನಿಲ್ಲುತ್ತದೆಯೇ? ಹೊಟ್ಟೆಗೆ ಹತ್ತಿತು, ಕುತ್ತಿಗೆಗೆ ಹತ್ತಿತು. ಬಿಡಿಸುವ ಮಾತು ಹೇಳೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ನಾಲಿಗೆಯೂ ಕಂಚಾಗಿತ್ತು.

ಮಾಂತ್ರಿಕನೇ ಹೋದ ಮೇಲೆ ಅವನ ಮಾಟ ಎಲ್ಲಿ ಉಳಿದೀತು! ಸಾಲುಸಾಲಾಗಿ ಹೆಣ್ಣುಮಕ್ಕಳ ಹಿಮ್ಮಡಿಗಳು ನೆಲಕ್ಕಿಳಿದವು; ತನಗೆ ತಾನೇ ಮಂತ್ರ ಹಾಕಿಕೊಂಡವನದು ಮಾತ್ರ ಇಳಿಯಲಿಲ್ಲ. ಮಲ್ಲಾಜಿ ಕಣ್ಣು ಬಿಟ್ಟಳು.

“ಅಕ್ಕಾ, ಕಾಲು ತುಂಬಾ ನೋಯ್ತಿದೆ ಕಣೇ.”

ಕಾಳಾಂಬೆ ಅಲ್ಲೇ ಕೂತು, ತಂಗಿಯ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಒತ್ತುತ್ತ, ಸಂತೋಷಕ್ಕೆ ಗಳಗಳನೆ ಅತ್ತಳು.

ಆಮೇಲೆ ಎಲ್ಲರೂ ಕೈ ಕೈ ಹಿಡಿದು ಗುಡ್ಡ ಇಳಿದರು. ಅವತ್ತಿನಿಂದ ಮಿಸುನಿಗಿರಿಯವರು ಸುಖವಾಗಿದ್ದರು. ಕುಣಿದು ದಣಿದವರು ಕೂತರು, ಕೂತು ಬೇಸರವಾದವರು ಎದ್ದು ಕುಣಿದರು.