ಸಿಗ್ನಲ್ ಬಂದರೆ ಬಿಸಿಗಾಳಿ

"ತಾತ, ಏಸಿ ಹಾಕಿದೀರಾ, ಇಲ್ವಾ?" ಹಿಂದಿನ ಸೀಟಿನಿಂದ ಗೆಳತಿ ಕೇಳಿದಳು.

ಹಾಕಿದ್ದರು. ಗಾಳಿಯೂ ಬುಸುಬುಸು ಬರುತ್ತಿತ್ತು. ಆದರೆ ಕಾದ ಇಸ್ತ್ರಿಪೆಟ್ಟಿಗೆ ಮುಂದೆ ಮುಖ ಹಿಡಿದ ಹಾಗಿತ್ತು. ಕೆಂಪು ದೀಪ ಬಿದ್ದು ಕಾರುಗಳೆಲ್ಲ ಸಾಲಾಗಿ ನಿಂತಿದ್ದವು. ಗೆಳತಿ ಡ್ರಾಯಿಂಗ್ ಪುಸ್ತಕದಿಂದ ಗಾಳಿ ಬೀಸಿಕೊಳ್ಳತೊಡಗಿದಳು. ಪಕ್ಕದಲ್ಲಿದ್ದ ಚೂಟಿ ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿ ಕುಳಿತಳು.

ಚೂಟಿ ಅವಳ ನಿಜವಾದ ಹೆಸರಲ್ಲ. ತಾತ ಹಾಗೆ ಕರೆದು ಕರೆದು, ಈಗ ಕ್ಲಾಸ್ ಟೀಚರ್ ಬಾಯಲ್ಲೂ ಅದೇ ಬರುತ್ತಿತ್ತು. ಹುಡುಗಿಯರಿಬ್ಬರನ್ನೂ ಶಾಲೆಗೆ ಬಿಟ್ಟು, ಸಂಜೆ ಕರೆತರುವುದು ತಾತನ ಕೆಲಸ. ಕಾರು ಹಳೆಯದು. ಆದರೆ ತಾತನಿಗೆ ಅದೆಂದರೆ ಜೀವ.

ಗೆಳತಿ ತನ್ನ ಮನೆ ಮುಂದೆ ಇಳಿಯುತ್ತ, ಸೋಮವಾರದಿಂದ ತಾನು ಚಿಕ್ಕಪ್ಪನ ಹೊಸ ಕಾರಿನಲ್ಲಿ ಹೋಗುವುದಾಗಿ ಚೂಟಿಗೆ ಹೇಳಿದಳು. ಇನ್ನೊಬ್ಬರಿಗೆ ಜಾಗ ಇದೆಯಂತೆ. ಒಳಗೆ ಎಷ್ಟು ತಣ್ಣಗಿರುತ್ತದೆಂದರೆ ಸ್ವೆಟರ್ ಹಾಕಿಕೊಳ್ಳಬೇಕಂತೆ.

ಕಾರು ಮುಂದಿನ ತಿರುವು ದಾಟಿತು. ಚೂಟಿ ಹೇಳಿಯೇಬಿಟ್ಟಳು. "ತಾತ, ಸೋಮವಾರದಿಂದ ನಾನೂ ಅವಳ ಜೊತೆ ಹೋಗ್ತೀನಿ. ನಿನ್ ಕಾರಲ್ಲಿ ಕೂತ್ರೆ ಬೇಯಿಸಿದ ಆಲೂಗಡ್ಡೆ ಆಗೋಗ್ತೀನಿ."

ಇಂಥ ಮಾತಿಗೆಲ್ಲ ತಾತ ಹೊಟ್ಟೆ ಹಿಡಿದುಕೊಂಡು ನಗುವವರು. ಅವತ್ತು ನಗಲಿಲ್ಲ.

"ಆಯ್ತು ಮರಿ," ಎಂದಷ್ಟೇ ಹೇಳಿದರು.

ಮರುದಿನ ಶನಿವಾರ, ಶಾಲೆಗೆ ರಜೆ. ಅಪ್ಪ, ಅಮ್ಮ ಇಬ್ಬರಿಗೂ ಆಫೀಸು. ಹಾಗಾಗಿ ತಾತನ ಜೊತೆ ಚೂಟಿಯೂ ಗ್ಯಾರೇಜಿಗೆ ಹೋಗಬೇಕಾಯಿತು.

ಗ್ಯಾರೇಜಿನ ತುಂಬ ಆಯಿಲ್ ವಾಸನೆ. ಮೂಲೆಯಲ್ಲಿ ಹಳೆಯ ಟೈರುಗಳ ರಾಶಿ. ಮೆಕ್ಯಾನಿಕ್ ಅಕ್ಕ ಶರ್ಟಿನ ತೋಳು ಮಡಚಿಕೊಂಡು ಬಂದು ಬಾನೆಟ್ ಎತ್ತಿದರು. ಏಸಿಯ ಗ್ಯಾಸ್ ಮುಗಿದಿರಬೇಕು ಎಂದರು ತಾತ. ಅದು ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ, ಎಲ್ಲಾದರೂ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ ಎಂದರು ಅಕ್ಕ. ಬಣ್ಣದ ಪೈಪುಗಳಿದ್ದ ಮೀಟರ್ ಜೋಡಿಸಿ ನೋಡಿದರು. ಗ್ಯಾಸ್ ಸರಿಯಾಗಿಯೇ ಇತ್ತು.

"ಯಾವಾಗ್ಲೂ ಬಿಸಿನಾ ಸಾರ್, ಇಲ್ಲ ಆಗಾಗ ಮಾತ್ರನಾ?"

ತಾತ ತಡವರಿಸಿದರು. "ನನಗೆ ಅಷ್ಟು ಗೊತ್ತಾಗಲ್ಲಮ್ಮ. ಮಕ್ಕಳು ಬಿಸಿ ಅಂತಾರೆ."

ದಿನಾ ಓಡಿಸುವವರಿಗೇ ಗೊತ್ತಾಗುವುದಿಲ್ಲವೇ? ಚೂಟಿಗೆ ವಿಚಿತ್ರ ಎನಿಸಿತು. ಅವಳೇ ಉತ್ತರ ಕೊಟ್ಟಳು. "ಜೋರಾಗಿ ಹೋಗ್ತಿದ್ರೆ ತಣ್ಣಗೆ ಬರುತ್ತೆ. ಸಿಗ್ನಲ್‌ನಲ್ಲಿ ನಿಂತ್ರೆ ಬಿಸಿ."

"ಇದನ್ನ ಮೊದಲೇ ಹೇಳಬಾರದಾ?" ಎಂದು ನಕ್ಕ ಅಕ್ಕ ಇಂಜಿನ್ ಚಾಲೂ ಮಾಡಿ, ಏಸಿ ಹಾಕಿ, ಚೂಟಿಯನ್ನು ಕರೆದರು. ಕೈ ಹಿಂದೆ ಕಟ್ಟಿಕೊಂಡೇ ನೋಡಬೇಕೆಂದು ಹೇಳಿ, ಕಾರಿನ ಮೂತಿಯ ಒಳಗೆ ಟಾರ್ಚ್ ಬಿಟ್ಟರು. ಅಲ್ಲೊಂದು ಫ್ಯಾನ್ ಇತ್ತು. ಕಾರಿನ ಒಳಗಿನ ಸೆಖೆಯೆಲ್ಲ ಅದರ ಮುಂದಿನ ಜಾಲರಿಗೆ ಬರುತ್ತದೆ. ಕಾರು ಓಡುವಾಗ ಎದುರಿನಿಂದ ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು.

ಫ್ಯಾನ್ ಮಾತ್ರ ಅಲ್ಲಾಡದೆ ನಿಂತಿತ್ತು. ಅಕ್ಕ ವೈರು ಪರೀಕ್ಷಿಸಿದರು. ಕರೆಂಟು ಬರುತ್ತಿತ್ತು. ಕೆಟ್ಟಿದ್ದದ್ದು ಮೋಟರು.

ಹೊಸ ಮೋಟರು ತರಿಸಿ ಕೂರಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಫ್ಯಾನ್ ಗಿರ್ರನೆ ತಿರುಗಿತು. ಅಕ್ಕ ಡ್ರೈವರ್ ಸೀಟಿನಲ್ಲಿ ಕುಳಿತು, ಗಾಳಿ ಬರುವ ಕಿಂಡಿಯ ಹತ್ತಿರ ಕೈ ಹಿಡಿದರು. ಹುಬ್ಬು ಗಂಟಿಕ್ಕಿದರು.

"ಇದ್ಯಾಕೆ ಸಾರ್? ಬಾಗಿಲ ಪಕ್ಕದ ಕಿಂಡಿ ಮುಚ್ಚಿಬಿಟ್ಟಿದೀರಿ. ನಡುವಿನ ಎರಡನ್ನೂ ಹಿಂದಕ್ಕೆ ತಿರುಗಿಸಿದೀರಿ. ನಿಮಗೆ ಗಾಳಿ ಎಲ್ಲಿಂದ ಬರಬೇಕು?"

ತಾತ ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಕುತ್ತಿಗೆ ಕೆರೆದುಕೊಂಡರು. "ಈ ಕಾರಲ್ಲಿ ಹಿಂದಿನ ಸೀಟಿಗೆ ಕಿಂಡಿ ಇಲ್ವಲ್ಲಮ್ಮ. ಹೀಗೆ ಮಾಡಿದ್ರೆ ಮಕ್ಕಳಿಗೆ ಸ್ವಲ್ಪ ಜಾಸ್ತಿ ಹೋಗುತ್ತೆ."

"ಯಾವಾಗಿಂದ ಹೀಗಿದೆ?"

"ಇವಳು ಎಲ್‌ಕೆಜಿ ಸೇರಿದಾಗಿಂದ."

ಚೂಟಿ ಮುಚ್ಚಿದ್ದ ಕಿಂಡಿಯನ್ನೇ ನೋಡಿದಳು. ಇಷ್ಟು ವರ್ಷ ಅವಳು ಕುಳಿತದ್ದು ತಾತನ ಬೆನ್ನ ಹಿಂದೆ. ಅವರ ಶರ್ಟು ಬೆನ್ನಿಗೆ ಅಂಟಿಕೊಂಡಿರುವುದನ್ನು ದಿನಾ ಕಂಡಿದ್ದಳು. ವಯಸ್ಸಾದವರಿಗೆ ಬೆವರು ಜಾಸ್ತಿ ಎಂದುಕೊಂಡಿದ್ದಳು.

ಮನೆಗೆ ಹೊರಟಾಗ ಅವಳು ಮುಂದಿನ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡಳು. ಸಿಗ್ನಲ್ ಬಂತು. ಕಾರು ನಿಂತಿತು. ಗಾಳಿ ತಣ್ಣಗೇ ಇತ್ತು.

"ಸೋಮವಾರ ನಿನ್ನನ್ನ ಅವಳ ಮನೆ ಹತ್ರ ಎಷ್ಟೊತ್ತಿಗೆ ಬಿಡಲಿ?" ತಾತ ರಸ್ತೆ ನೋಡುತ್ತಲೇ ಕೇಳಿದರು.

ಚೂಟಿ ಕೈ ಚಾಚಿ, ನಡುವಿನ ಕಿಂಡಿಯೊಂದನ್ನು ಅವರ ಕಡೆ ತಿರುಗಿಸಿದಳು. ತಾತನ ಹಣೆಯ ಮೇಲಿನ ಬಿಳಿ ಕೂದಲು ಮೆಲ್ಲಗೆ ಹಾರಾಡಿತು.

"ಬೇಡ ಮರಿ, ಹಿಂದೆ..."

"ಹಿಂದೆ ಯಾರೂ ಇಲ್ಲ ತಾತ. ಇನ್ಮೇಲೆ ನಾನು ಮುಂದೇನೇ ಕೂರೋದು."

ತಾತ ಅವಳತ್ತ ತಿರುಗಿದರು. ದೀಪ ಹಸಿರಾದದ್ದು ಇಬ್ಬರಿಗೂ ಕಾಣಲಿಲ್ಲ. ಹಿಂದಿದ್ದ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು.