ಸತ್ತವನ ಕೆಮ್ಮು

"ಸತ್ತೋರು ಹುಷಾರಾಗ್ತಿದಾರೆ ಸಾರ್," ಎಂದಳು ಅಜ್ಜಿ.

ಸೋಮವಾರ, ಬೆಳಿಗ್ಗೆ ಹತ್ತೂವರೆ. ಈ ದೂರಿಗೆ ಯಾವ ಕಲಂ ಹಾಕಬೇಕೆಂದು ಇನ್‌ಸ್ಪೆಕ್ಟರಿಗೆ ಹೊಳೆಯಲಿಲ್ಲ. ಸೊಳ್ಳೆ ಸತ್ತರೂ ಪಂಚನಾಮೆ ಬರೆಯುವವನೆಂದು ಠಾಣೆಯಲ್ಲಿ 'ಪಂಚನಾಮೆ' ಎಂದೇ ಹೆಸರಾಗಿದ್ದ ಹೆಡ್ ಕಾನ್‌ಸ್ಟೇಬಲ್ ಕೂಡ ಪೆನ್ನು ಕೆಳಗಿಟ್ಟ.

ಅಜ್ಜಿ ಮೊಬೈಲನ್ನು ಮೇಜಿನ ಮೇಲಿಟ್ಟು ಒತ್ತಿದಳು. "ಈ ವಾರ ನಿಮ್ಮ ಕೆಮ್ಮು ಇನ್ನಷ್ಟು ಕಡಿಮೆಯಾಗಿದೆ. ಮಾತ್ರೆ ನಿಲ್ಲಿಸಬೇಡಿ," ಎಂದಿತು ಫೋನು. ಅವಳ ಗಂಡ ಕ್ಷಯದಿಂದ ತೀರಿಕೊಂಡು ತಿಂಗಳ ಮೇಲಾಗಿತ್ತು. ಅಂದಿನಿಂದ ಪ್ರತಿ ಸೋಮವಾರ ಆತ ಸುಧಾರಿಸುತ್ತಲೇ ಇದ್ದ.

"ನಾನೇ ಮಣ್ಣು ಹಾಕ್ದೆ ಸಾರ್. ಒಳಗೆ ಜೀವ ಇತ್ತೇನೋ ಅಂತ ನಿದ್ದೆ ಹತ್ತಲ್ಲ."

ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದರು.

"ಲ್ಯಾಬ್ ದೂರ," ಎಂದರು ಡಾಕ್ಟರು. "ಫೋನಿನ ಮುಂದೆ ಕೆಮ್ಮಿದ್ರೆ ರೋಗ ಏರಿದ್ಯೋ ಇಳಿದಿದ್ಯೋ ಅದೇ ಹೇಳತ್ತೆ, ಸೋಮವಾರ ಮನೆಯವರ ಮೊಬೈಲಿಗೂ ಕಳಿಸತ್ತೆ. ಹಳೇ ಕೆಮ್ಮಿಗೆ ತಾಳೆಯಾದ್ರೆ ಮಾತ್ರ ಆ ವಾರದ ಮಾತ್ರೆ."

"ಸತ್ತಿದ್ದು ಗೊತ್ತಾಗಿಲ್ವಾ?"

"ಮನೆಮನೆಗೆ ಫೋನ್ ಒಯ್ಯೋ ಸಿಸ್ಟರ್ ತಿಳಿಸ್ಬೇಕಿತ್ತು. ತಿಳಿಸಿಲ್ಲ."

ಡಾಕ್ಟರು ಕಳೆದ ವಾರದ ಧ್ವನಿ ಹಾಕಿದರು. ಗಂಟಲು ಹರಿಯುವ ಕೆಮ್ಮು. "ನಮ್ಮ ಯಜಮಾನ್ರದೇ," ಎಂದಳು ಅಜ್ಜಿ. ಕೆಮ್ಮಿನ ಹಿಂದಿನಿಂದ ಹೆಣ್ಣುದನಿ ಕೇಳಿತು: "ಬಿಸಿನೀರು ಕುಡೀರಿ."

ಅಜ್ಜಿ ಎದ್ದು ನಿಂತಳು. "ಅದು ನಾನು."

ಇನ್‌ಸ್ಪೆಕ್ಟರ ಮೈ ಜುಮ್ಮೆಂದಿತು. ಹೆದರಿಕೆ ಇಳಿದ ಮೇಲೆ ಬುದ್ಧಿ ಓಡಿತು. ಅಜ್ಜಿಯ ಗಂಡ ಬದುಕಿದ್ದಾಗಿನ ಧ್ವನಿಗಳನ್ನು ತರಿಸಿ ಒಂದೊಂದಾಗಿ ಹೋಲಿಸಿದರು. ಯಾರೋ ಕೊನೆಯ ವಾರದ ಕೆಮ್ಮಿನಿಂದ ಶುರುಮಾಡಿ ಹಿಂದು ಹಿಂದಕ್ಕೆ ಫೋನಿಗೆ ಕೇಳಿಸುತ್ತಿದ್ದರು. ಹಾಗೆ ಕೇಳಿಸಿದರೆ ಸಾಯುತ್ತಿರುವವನೂ ಗುಣವಾಗುತ್ತಾನೆ.

"ಸಾರ್, ಕಳೆದ ವಾರದ್ರ ಕೊನೇಲಿ ಇನ್ನೊಂದು ಕೆಮ್ಮಿದೆ," ಎಂದ ಪಂಚನಾಮೆ. ಹೌದು, ಬೇರೆಯದೇ. ಬಾಯಿಗೆ ಬಟ್ಟೆಯೊತ್ತಿ ನುಂಗಿದ್ದು.

ಸಂಜೆ ನಾಲ್ಕಕ್ಕೆ ಸಿಸ್ಟರ್ ಮನೆ ಭೇಟಿ ಮುಗಿಸಿ ಬಂದಳು. ಇನ್‌ಸ್ಪೆಕ್ಟರ್ ಆ ಧ್ವನಿ ಹಾಕಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ನುಂಗಿದ ಕೆಮ್ಮು ಕೇಳಿದೊಡನೆ ಅವಳ ಕೈ ಬಾಯಿಗೆ ಹೋಯಿತು.

"ಯಾವಾಗಿಂದ?"

"ಆ ತಾತನ್ನ ನೋಡ್ಕೊಳ್ತಿದ್ದಾಗ್ಲೇ ಅಂಟಿತು ಸಾರ್."

"ನಿಮ್ಮ ಹೆಸರಲ್ಲೇ ಮಾತ್ರೆ ತಗೋಬಹುದಿತ್ತಲ್ಲ?"

"ಯಾರು ಬಾಗಿಲು ತೆಗೀತಾರೆ ಆಮೇಲೆ? ನಾಚಿಕೆ ಬೇಡ, ಮುಚ್ಚಿಡ್ಬೇಡಿ ಅಂತ ಊರಿಗೆಲ್ಲ ಹೇಳೋಳು ನಾನೇ."

"ಕೆಮ್ಕೊಂಡೇ ಮನೆಮನೆ ಸುತ್ತಿದ್ರಾ?"

"ಹೂಂ ಸಾರ್," ಎಂದಳು. ಇನ್‌ಸ್ಪೆಕ್ಟರಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಐದೂ ಹತ್ತಕ್ಕೆ ಬಂಧನ. ಪಂಚರ ಮುಂದೆ ಮಾತ್ರೆಯ ಪೊಟ್ಟಣಗಳನ್ನೂ ಹಳೇ ಕೆಮ್ಮು ಕೇಳಿಸಿದ, ಕೇಳಿಸಿಕೊಂಡ ಎರಡು ಫೋನುಗಳನ್ನೂ ವಶಪಡಿಸಿಕೊಂಡು ಪಂಚನಾಮೆ ಬರೆದರು. ಚಿಕಿತ್ಸೆ ತಪ್ಪಬಾರದೆಂದು ಡಾಕ್ಟರು ಬೇರೊಂದು ಫೋನು ಹಿಡಿದರು. ಅವಳು ಬಾಯಿಗೆ ಅಡ್ಡ ಹಿಡಿದಿದ್ದ ಕೈ ತೆಗೆದು, ತನ್ನ ಹೆಸರು ಹೇಳಿ ಕೆಮ್ಮಿದಳು. ಕಾಯಿಲೆಗೆ ಅವಳು ಅಷ್ಟೊಂದು ಹೆದರಿರಲಿಲ್ಲ, ಹೆದರಿದ್ದು ಮುಚ್ಚಿದ ಬಾಗಿಲುಗಳಿಗೆ.

ಹೊರಗೆ ಬೆಂಚಿನ ಮೇಲೆ ಅಜ್ಜಿ ಕಾಯುತ್ತಿದ್ದಳು.

"ಅವ್ರು ಹೋಗಿದ್ದು ನಿಜ ಅಜ್ಜಿ. ನೀವು ಯಾವ ತಪ್ಪೂ ಮಾಡಿಲ್ಲ," ಎಂದರು ಇನ್‌ಸ್ಪೆಕ್ಟರ್.

ಅಜ್ಜಿ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಮೊದಲ್ನೇ ವಾರದ್ದು ಇದ್ಯಾ ಸಾರ್? ಆಗ ಅವ್ರು ಚೆನ್ನಾಗಿದ್ರು."

ಅದು ಸಾಕ್ಷ್ಯ, ಕೊಡುವಂತಿಲ್ಲ. ಕೇಳಿಸಬಾರದೆಂದು ಯಾವ ಕಾಯಿದೆಯಲ್ಲೂ ಇರಲಿಲ್ಲ. ಡಾಕ್ಟರು ಹಾಕಿದರು.

"ಕೆಮ್ಮು ಅಂದ ತಕ್ಷಣ ಕೆಮ್ಮೋಕೆ ನಾನೇನು ಗಿಳೀನಾ?" ಎಂದಿತು ಗಂಡುದನಿ.

"ಸುಮ್ನೆ ಕೆಮ್ರೀ," ಎಂದಳು ಫೋನಿನೊಳಗಿನ ಹೆಂಡತಿ. ಬೆಂಚಿನ ಮೇಲಿದ್ದವಳೂ ಅದೇ ಹೊತ್ತಿಗೆ ಅದನ್ನೇ ಹೇಳಿದಳು.